ಹೆಸರು ಬರ್ಕೊಂಡವರು

ಎರಡು ದಿನದಿಂದ ರಾತ್ರಿ ಊಟ ಆದ್ಮೇಲೆ ಬ್ರಿಟನ್ನಿನ ಹಳೇ ಜನಗಣತಿ ರೆಕಾರ್ಡ್ ಹುಡುಕೋದೇ ಕೆಲಸ. 1801ರಲ್ಲಿ ಮೊದಲ ಗಣತಿ ಮಾಡಿದಾಗ ಸರ್ಕಾರ ಕೇಳಿದ್ದು ಬರೀ ಲೆಕ್ಕ, ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು, ಹೊಲದ ಕೆಲಸದವರೆಷ್ಟು ಅಂತ, ಹೆಸರು ಬೇಕಾಗೇ ಇರ್ಲಿಲ್ಲ. ಆದ್ರೂ ಕೆಲವು ಪ್ಯಾರಿಷ್‌ಗಳಲ್ಲಿ, ಅಂದ್ರೆ ಒಂದೊಂದು ಚರ್ಚಿಗೆ ಸೇರಿದ ಊರುಗಳಲ್ಲಿ, ಎಣಿಸೋಕೆ ಹೋದವರು ಮನೆ ಯಜಮಾನರ ಹೆಸರು ತಾವಾಗೇ ಬರ್ಕೊಂಡ್ರು, ಅಂಥ ಪಟ್ಟಿಗಳು ಚರ್ಚಿನ ಪೆಟ್ಟಿಗೇಲಿ ಉಳ್ಕೊಂಡು ಈಗ ಕೌಂಟಿ (ಜಿಲ್ಲೆ) ಆರ್ಕೈವ್‌ಗಳಲ್ಲಿವೆ. ಹೆಂಡತಿ ಮಕ್ಕಳು ಮಾತ್ರ ಅಲ್ಲೂ ಹೆಚ್ಚಾಗಿ ಅಂಕಿ ಅಷ್ಟೇ, ಅದು ನೋಡಿ ಹೊಟ್ಟೆ ಚುರ್ ಅಂತು.

1841ರಿಂದ ಮನೇಲಿದ್ದ ಎಲ್ರ ಹೆಸರೂ ಸಿಗುತ್ತೆ, ಆ ವರ್ಷದ್ದು ಪೆನ್ಸಿಲ್‌ನಲ್ಲಿ ಬರ್ದಿದ್ದು, ಎಷ್ಟು ಝೂಮ್ ಮಾಡಿದ್ರೂ ಕೆಲವು ಸಾಲು ಮಸುಕು ಮಸುಕು. ಆ ಸಲ 15 ದಾಟಿದವರ ವಯಸ್ಸು ಐದರ ಲೆಕ್ಕಕ್ಕೆ ಇಳಿಸಿ ಬರೀಬೇಕಿತ್ತು, ಹಾಗಾಗಿ 34ರ ಹೆಂಗಸು ಪುಸ್ತಕದಲ್ಲಿ 30.

1801ರಲ್ಲಿ ಯಾರೂ ಕೇಳದೇ ಇದ್ರೂ ಮನೆಮನೆ ಮುಂದೆ ನಿಂತು ಹೆಸರು ಕೇಳಿ ಬರ್ಕೊಂಡ ಆ ಮನುಷ್ಯರನ್ನ ನೆನೆಸ್ಕೊಂಡ್ರೆ ಕೈ ಮುಗಿಯೋಣ ಅನ್ಸುತ್ತೆ. ಇವತ್ತು ಇನ್ನೊಂದು ಪ್ಯಾರಿಷ್ ಪಟ್ಟಿ ತೆಗೆದಿದೀನಿ, ಮೊದಲ ಸಾಲೇ ಇನ್ನೂ ಓದೋಕೆ ಆಗ್ತಿಲ್ಲ.