ನಾಟಿ ಕೋಳಿಯ ಕರುಳು ಮತ್ತು ಅರ್ಧ ಕ್ಯಾಪ್ಸೂಲು

ಕಳೆದ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ನಮ್ಮ ಹಳ್ಳಿಮನೆಯ ಕೋಳಿಗಳು ರೆಕ್ಕೆ ಇಳಿಬಿಟ್ಟು, ಹಸಿರು ನೀರಿನಂತೆ ಹಿಕ್ಕೆ ಹಾಕುತ್ತ, ಕತ್ತು ತಿರುಚಿಕೊಂಡು ಬೀಳತೊಡಗಿದವು. ಔಷಧಿ ಅಂಗಡಿಯವರು ಚೀಟಿಯನ್ನೂ ಕೇಳದೆ ಕೊಟ್ಟ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕ್ಯಾಪ್ಸೂಲನ್ನು ಅವ್ವ ಬಿಚ್ಚಿ, ಅರ್ಧ ಪುಡಿಯನ್ನು ಕೋಳಿಗಳು ನೀರು ಕುಡಿಯುವ ಒಡಕು ಮಡಕೆಗೆ ಉದುರಿಸಿ, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಗೂಡಿನ ಮೇಲಿಟ್ಟಿದ್ದಳು. ವಾರ ಕಳೆಯುವಷ್ಟರಲ್ಲಿ ಹದಿನಾಲ್ಕರಲ್ಲಿ ನಾಲ್ಕು ಉಳಿದವು.

ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ವೈರಸ್‌ನಿಂದ ಬರುವ ಈ ರೋಗಕ್ಕೆ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವ ಆ ಪುಡಿಯಿಂದ ಏನೂ ಆಗುವಂತಿರಲಿಲ್ಲ. ಆದರೆ ಬದುಕುಳಿದ ಕೋಳಿಗಳ ಕರುಳಿನಲ್ಲಿ ಅದು ಸುಮ್ಮನಿದ್ದಿರಲಾರದು.

ಕೋಳಿ ಹಸನು ಮಾಡಿದವರು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ, ಒಂದು ತುದಿ ಮುಚ್ಚಿದ ಎರಡು ಉದ್ದನೆಯ ಚೀಲಗಳನ್ನು ನೋಡಿರುತ್ತಾರೆ. ಕೋಳಿಯ ದೇಹದಲ್ಲಿ ಬ್ಯಾಕ್ಟೀರಿಯಾಗಳು ಅತಿ ದಟ್ಟವಾಗಿರುವುದು ಅಲ್ಲಿಯೇ. ಜೀರ್ಣವಾಗದ ನಾರನ್ನು ಅವು ಅಲ್ಲಿ ಹುಳಿಸುತ್ತವೆ. ದಿನಕ್ಕೆ ಕೆಲವು ಸಲ ಆ ಚೀಲಗಳು ಬರಿದಾದಾಗ ಬೀಳುವ ಹಿಕ್ಕೆ, ಬಿಳಿ ಟೋಪಿಯ ಮಾಮೂಲಿ ಹಿಕ್ಕೆಯಂತಿರದೆ ಕಡುಕಂದಾಗಿ, ಅಂಟಂಟಾಗಿ, ಹೆಚ್ಚು ನಾರುತ್ತದೆ. ಅದು ಬೀಳುವುದು ನಮ್ಮ ಅಂಗಳದಲ್ಲಿ. ತಿಪ್ಪೆ ಕೆದಕಿ, ಚೆಲ್ಲಿದ ಮೆಕ್ಕೆಜೋಳ ಹೆಕ್ಕಿ, ಬಚ್ಚಲ ನೀರು ಕುಡಿಯುವ ಕೋಳಿಗೆ ದನದ ಮತ್ತು ನಮ್ಮ ಕರುಳಿನ ಜೀವಿಗಳೂ ಸೇರುತ್ತವೆ. ಔಷಧ ಬಿದ್ದಾಗ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳು ಕುಗ್ಗಿ, ಬಗ್ಗದವು ಉಳಿದು ಹೆಚ್ಚುತ್ತವೆ. ಆ ನಿರೋಧಕ ಗುಣವನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರವು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೂ ದಾಟಬಲ್ಲದು. ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇವಿನಲ್ಲಿ ಟೆಟ್ರಾಸೈಕ್ಲಿನ್ ತಿಂದ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳು ವಾರದೊಳಗೆ ನಿರೋಧಕವಾದವು. ಅರ್ಧ ವರ್ಷದೊಳಗೆ ಆ ಫಾರಂನ ಮನೆಯವರ ಮಲದಲ್ಲೂ ಅಂಥವು ಹೆಚ್ಚಿದ್ದವು.

ದಾವಣಗೆರೆಯಲ್ಲಿ ನಾಟಿ ಕೋಳಿಗೆ ಹೆಚ್ಚು ಬೆಲೆ ಕೊಡುವವರು, ಅದರಲ್ಲಿ ಔಷಧಿಯ ಸೋಂಕಿಲ್ಲವೆಂದು ನಂಬಿರುತ್ತಾರೆ. ತಳಿಯೊಂದೇ ಆ ಭರವಸೆ ಕೊಡಲಾರದು. ನಾಟಿ ಕೋಳಿಗೆ ನಿಜವಾದ ಅನುಕೂಲವಿರುವುದು ಬೇರೆಡೆ. ಇಪ್ಪತ್ತೊಂದು ದಿನ ಕಾವು ಕೊಟ್ಟ ತಾಯಿಯ ಜೊತೆಯಲ್ಲೇ ಕೆದಕುತ್ತ, ಅದರ ಹಿಕ್ಕೆಯನ್ನೂ ಕುಕ್ಕುತ್ತ, ಮರಿಗಳು ಮೊದಲ ದಿನಗಳಲ್ಲೇ ದೊಡ್ಡ ಕೋಳಿಯ ಕರುಳಿನ ಜೀವಿಗಳನ್ನು ಪಡೆಯುತ್ತವೆ. ದೊಡ್ಡ ಕೋಳಿಯ ಕರುಳಿನ ಸಾರವನ್ನು ಎಳೆಯ ಮರಿಗಳಿಗೆ ಕುಡಿಸಿದರೆ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ನೆಲೆಯೂರಲು ಜಾಗ ಸಿಗದೆಂದು ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ 1973ರಲ್ಲೇ ತೋರಿಸಿದ್ದರು. ತಾಯಿಯಿಂದ ಬರುವ ಆ ಬಳುವಳಿಯನ್ನೇ ನಮ್ಮ ಅರ್ಧ ಕ್ಯಾಪ್ಸೂಲು ಕೆಡಿಸುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕೋಳಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸರಿಯಾದ ಕ್ರಮ. ಆದರೆ ಹಿತ್ತಿಲಿನ ಒಡಕು ಮಡಕೆಯನ್ನು ಕಾಯಬೇಕಾದವರು ನಾವೇ.

ಕೊಕ್ಕರೆ ರೋಗಕ್ಕೆ ಲಸಿಕೆಯಿದೆ. ಮರಿಗೆ ಐದರಿಂದ ಏಳು ದಿನವಾದಾಗ ಲಸೋಟಾ ಹನಿಯನ್ನು ಕಣ್ಣಿಗೋ ಮೂಗಿಗೋ ಬಿಡಬೇಕು. ತೊಡಕೆಂದರೆ, ಒಂದು ಸೀಸೆಯಲ್ಲಿ ನೂರಾರು ಕೋಳಿಗಳಿಗಾಗುವಷ್ಟು ಲಸಿಕೆಯಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹೀಗಾಗಿ ಈ ಸಲ ಅವ್ವ ಓಣಿಯ ಆರು ಮನೆಯವರೊಂದಿಗೆ ಮಾತಾಡಿ, ಎಲ್ಲರ ಹೇಟೆಗಳನ್ನೂ ಒಂದೇ ವಾರದಲ್ಲಿ ಕಾವಿಗೆ ಕೂರಿಸಿದಳು. ನಾನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ತಂದ ಸಂಜೆ, ಅವ್ವ ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು, ಹನಿ ಬಿಟ್ಟ ಮೇಲೆ ಅದು ಕಣ್ಣು ಪಿಳುಕಿಸುವವರೆಗೂ ಕಾದು, ಮಂಕರಿಯೊಳಗೆ ಬಿಡುತ್ತಿದ್ದಳು.