ಮಡಿ ನೀರಿಗೆ ಕ್ಲೋರಿನ್ ಹಾಕುವುದು ಯಾವಾಗ?

ಬೇಸಿಗೆ ಜಾತ್ರೆ ಹತ್ತಿರ ಬಂದಾಗ ಆರೋಗ್ಯ ಇಲಾಖೆಯಿಂದ ದೇವಸ್ಥಾನದ ಕಮಿಟಿಗೆ ಪತ್ರ ಹೋಗುತ್ತದೆ: ಶುದ್ಧ ನೀರು ಕೊಡಿ, ಸ್ವಚ್ಛತೆ ಕಾಪಾಡಿ. ಪತ್ರ ಫೈಲ್ ಸೇರುತ್ತದೆ. ವಾಂತಿ-ಭೇದಿ ತಡೆಯುವ ಕೆಲಸ ನಿಜವಾಗಿ ಶುರುವಾಗುವುದು ಅರ್ಚಕರು, ಧರ್ಮದರ್ಶಿಗಳು, ದಾಸೋಹದ ಅಡುಗೆಯವರು, ಪಂಚಾಯಿತಿಯ ವಾಟರ್‌ಮ್ಯಾನ್ ಎಲ್ಲರೂ ಒಂದೇ ಕಡೆ ಕೂತಾಗ. ಅದೂ ತೇರಿಗೆ ಮೂರು ವಾರ ಮುಂಚೆ. ತಾಲ್ಲೂಕು ಮಟ್ಟದಲ್ಲಿ ಈ ಕೆಲಸ ಮಾಡುವವರೆಲ್ಲ ಕೊನೆಗೆ ಕಲಿಯುವುದು ಒಂದೇ: ಆಚರಣೆಯೊಳಗೆ ಕೈ ಹಾಕಬಾರದು, ಅದರ ಹಿಂದಿನ ಹಂತದಲ್ಲೇ ಕೆಲಸ ಮುಗಿಸಬೇಕು.

ದೇವರ ಬಾವಿಯನ್ನೇ ತೆಗೆದುಕೊಳ್ಳಿ. ಅಭಿಷೇಕದ ನೀರನ್ನು ಅರ್ಚಕರು ಬೆಳಗಿನ ಜಾವ ಮಡಿಯಲ್ಲಿ ಸೇದುತ್ತಾರೆ. ಅದೇ ನೀರು ತೀರ್ಥವಾಗಿ ಸಾವಿರಾರು ಅಂಗೈಗೆ ಬೀಳುತ್ತದೆ. ಸೇದಿದ ಕೊಡಕ್ಕೆ ಕ್ಲೋರಿನ್ ಮಾತ್ರೆ ಹಾಕಿ ಅಂದರೆ ಯಾವ ಅರ್ಚಕರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ಹಟ ಹಿಡಿಯುವುದೂ ತಪ್ಪು. ಹಿಂದಿನ ರಾತ್ರಿ ಮಂಗಳಾರತಿ ಮುಗಿದು ಬಾಗಿಲು ಹಾಕಿದ ಮೇಲೆ ಬಾವಿಗೇ ಬ್ಲೀಚಿಂಗ್ ಪೌಡರ್ ಹಾಕಿದರೆ ಜಾವದ ಹೊತ್ತಿಗೆ ನೀರು ಸಿದ್ಧ. ಮಡಿಯೂ ಕೆಡುವುದಿಲ್ಲ, ವಾಸನೆಯೂ ಅಷ್ಟಾಗಿ ಉಳಿಯುವುದಿಲ್ಲ.

ಲೆಕ್ಕ ಹೀಗಿದೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 4 ಮೀಟರ್ ಅಗಲ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 37,700 ಲೀಟರ್. ತಿಳಿನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ತಾಜಾ ಪೌಡರ್, ಅಂದರೆ ಈ ಬಾವಿಗೆ 95 ಗ್ರಾಂ ಹತ್ತಿರ. ಇದು ಕನಿಷ್ಠ ಪ್ರಮಾಣ. ಪೌಡರನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಐದು-ಹತ್ತು ನಿಮಿಷ ಬಿಡಿ. ಸುಣ್ಣ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ, ಆ ಕಡೆ ಈ ಕಡೆ ಜೋರಾಗಿ ಆಡಿಸಬೇಕು. ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಪೌಡರ್ ಬೇಡ. ಆಮೇಲೆ ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು.

ಎಡವಟ್ಟಾಗುವುದು ಹೆಚ್ಚಾಗಿ ಪೌಡರಿನಲ್ಲೇ. ತಾಜಾ ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ ಪಂಚಾಯಿತಿ ಕೋಣೆಯಲ್ಲಿ ಬಿಸಿಲು, ತೇವಕ್ಕೆ ಬಿದ್ದಿದ್ದರೆ ಉಳಿಯುವುದು ಬರೀ ಸುಣ್ಣ. ಹೆಂಟೆಗಟ್ಟಿ, ಮೂಗಿಗೆ ಘಾಟು ಹತ್ತದ ಪೌಡರನ್ನು ನಂಬಬೇಡಿ. ಹೊಸದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲೆಯ ಜಾಗದಲ್ಲಿ, ಹೆಸರು ಬರೆದು ಇಡಿ. ದಾಸೋಹದ ಉಗ್ರಾಣದಲ್ಲಂತೂ ಇಡಲೇಬೇಡಿ. ಅಕ್ಕಿಹಿಟ್ಟು, ಅಡುಗೆ ಸೋಡಾ, ಬ್ಲೀಚಿಂಗ್ ಮೂರೂ ಬಿಳಿಯೇ, ಗಡಿಬಿಡಿಯಲ್ಲಿ ಕೈ ಎಲ್ಲಿಗೂ ಹೋದೀತು. ಇನ್ನೊಂದು ಮಾತು: ರಸ್ತೆ ಬದಿ, ಚರಂಡಿ ಪಕ್ಕ ಬಿಳಿ ಗೆರೆ ಎಳೆದ ಹಾಗೆ ಪೌಡರ್ ಚೆಲ್ಲುವುದರಿಂದ ರೋಗ ನಿಲ್ಲುವುದಿಲ್ಲ. ಆ ಚೀಲ ನೀರಿನ ಟ್ಯಾಂಕಿಗೆ ಬೇಕು.

ಪರೀಕ್ಷೆ ಮಾಡುವುದು ಟ್ಯಾಂಕಿನ ಬುಡದಲ್ಲಿ ಅಲ್ಲ, ಕಟ್ಟಕಡೆಯ ನಲ್ಲಿಯಲ್ಲಿ. ಕ್ಲೋರೋಸ್ಕೋಪಿನ (ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಪೆಟ್ಟಿಗೆ) ಕೊಳವೆಗೆ ನೀರು ಹಿಡಿದು, ಪರೀಕ್ಷೆಯ ದ್ರಾವಣ ಹಾಕಿ, ಹತ್ತು ಸೆಕೆಂಡಿನೊಳಗೆ ಹಳದಿ ಬಣ್ಣವನ್ನು ಹೋಲಿಸಿ ಓದಬೇಕು. ತಡವಾದರೆ ಬಣ್ಣ ಗಾಢವಾಗಿ, ಇಲ್ಲದ ಕ್ಲೋರಿನ್ ಇದ್ದಂತೆ ಕಾಣುತ್ತದೆ. ಮಾಮೂಲಿ ದಿನಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸಾಕು. ಕಾಲರಾದ ಭಯವಿದ್ದಾಗ 0.5 ಇರಬೇಕು. ಕಡಿಮೆ ಬಂದರೆ ಇನ್ನಷ್ಟು ಹಾಕಿ, ಮತ್ತೆ ನೋಡಿ. ರಾಡಿ ನೀರಾದರೆ ಎಷ್ಟು ಹಾಕಿದರೂ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ, ಮೊದಲು ಪಟಿಕ ಹಾಕಿ ತಿಳಿ ಮಾಡಿಕೊಳ್ಳಬೇಕು. ಪರೀಕ್ಷೆ ಮಾಡಿದ ನೀರು ವಿಷ, ಚೆಲ್ಲಿಬಿಡಿ.

ಪೈಪ್‌ಲೈನಿನಲ್ಲಿ ನೀರು ನಿಂತಾಗಲೇ ಅಪಾಯ. ಒತ್ತಡ ಇಳಿದ ಕೂಡಲೇ, ಚರಂಡಿಯೊಳಗೆ ಹಾದುಹೋದ ಬಿರುಕು ಪೈಪು ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಜಾತ್ರೆಗೆ ಮುಂಚೆ ವಾಟರ್‌ಮ್ಯಾನ್ ಜೊತೆ ಪೈಪ್‌ಲೈನ್ ಉದ್ದಕ್ಕೂ ನಡೆದು ನೋಡಬೇಕು. ಎಲ್ಲಿ ಸೋರಿಕೆ ಇದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಕೇಳುವವರು ಇರುವುದಿಲ್ಲ ಅಷ್ಟೆ. ಟ್ರ್ಯಾಕ್ಟರ್ ಟ್ಯಾಂಕರಿಗೆ ತುಂಬುವ ಜಾಗದಲ್ಲೇ ದ್ರಾವಣ ಹಾಕಿ (5,000 ಲೀಟರಿಗೆ 12.5 ಗ್ರಾಂ ಪೌಡರಿನ ತಿಳಿ). ಅರ್ಧ ಗಂಟೆ ಕಳೆದ ಮೇಲೆ ನಲ್ಲಿ ಬಿಡಿ.

ಕಲ್ಯಾಣಿಗೆ ಕ್ಲೋರಿನ್ ಹಾಕಿ ಗೆಲ್ಲಲಾಗದು. ಪಾಚಿ, ಮೀನು, ಸಾವಿರ ಜನರ ಸ್ನಾನ. ಸ್ನಾನಕ್ಕೆ ಷವರ್ ಸಾಲು ಹಾಕಿಸಿ, ತೀರ್ಥಕ್ಕೆ ಅಲ್ಲಿಂದ ನೀರು ತರದಂತೆ ಅರ್ಚಕರೊಂದಿಗೆ ಮೊದಲೇ ಮಾತಾಡಿ. ದರ್ಗಾದ ಉರುಸಿನಲ್ಲಿ ಇದೇ ಪ್ರಶ್ನೆ ವುಜೂ ಹೌಜಿನದು, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ತೊಟ್ಟಿಯದು. ವುಜೂ ಮಾಡುವಾಗ ಬಾಯಿ ಮುಕ್ಕಳಿಸುತ್ತಾರೆ, ಹಾಗಾಗಿ ಹೌಜಿನ ನೀರನ್ನು ಕುಡಿಯುವ ನೀರೆಂದೇ ಲೆಕ್ಕ ಹಿಡಿಯಬೇಕು. ಇಲ್ಲೂ ರಾತ್ರಿಯ ನಮಾಜ್ ಆದ ಮೇಲೆ ದ್ರಾವಣ, ಫಜರ್‌ಗೆ (ಬೆಳಗಿನ ಜಾವದ ನಮಾಜ್) ಮುಂಚೆ ಪರೀಕ್ಷೆ.

ದಾಸೋಹದ ಅಡುಗೆಮನೆಯಲ್ಲಿ ಕೊತಕೊತ ಕುದಿಯುವ ಸಾರು ಕಾಲರಾ ಕೊಡುವುದಿಲ್ಲ. ಕುದಿದ ಮೇಲೆ ಸೇರುವ ನೀರು ಕೊಡುತ್ತದೆ: ಮಜ್ಜಿಗೆ, ಪಾನಕ, ಚಟ್ನಿ, ಕೋಸಂಬರಿಗೆ ನೆನೆಸಿದ ಬೇಳೆ, ಎಲೆ ತೊಳೆದ ನೀರು, ಜೊತೆಗೆ ಹೊರಗಿನ ಐಸ್. ಮೀನಿನ ಪೆಟ್ಟಿಗೆಗೆಂದು ಮಾಡಿದ ಐಸ್ ಗಡ್ಡೆ ಕಬ್ಬಿನಹಾಲಿಗೂ ಗೋಲಾಕ್ಕೂ ಬರುತ್ತದೆ. ಐಸ್ ಯಾವ ಕಾರ್ಖಾನೆಯದು ಎಂದು ಅಂಗಡಿ ಪರವಾನಗಿ ಕೊಡುವಾಗಲೇ ಕೇಳಿ. ಪಾನಕದ ಕೊಳಗಕ್ಕೆ ಲೋಟ ಅದ್ದಬಾರದು, ನಲ್ಲಿ ಇರುವ ಡ್ರಮ್ಮಿನಿಂದ ಬಿಡಬೇಕು. ಭೇದಿ ಆದ ಅಡುಗೆಯವರು, ಭೇದಿ ನಿಂತ ಮೇಲೂ ಎರಡು ದಿನ ಪಾತ್ರೆ ಮುಟ್ಟಬಾರದು. ಆದರೆ ಆ ಎರಡು ದಿನದ ಕೂಲಿ ಕಮಿಟಿಯೇ ಕೊಡಬೇಕು. ಕೂಲಿ ಕತ್ತರಿಸಿದರೆ ಹೊಟ್ಟೆನೋವು ಅಂತ ಯಾರೂ ಬಾಯಿಬಿಡುವುದಿಲ್ಲ. ಇದನ್ನು ಸಭೆಯಲ್ಲಿ ಕಮಿಟಿಯವರ ಬಾಯಿಂದಲೇ ಹೇಳಿಸಿ.

ಶೌಚಾಲಯ ಬಾವಿಯಿಂದ 15 ಮೀಟರಿಗಾದರೂ ದೂರ ಇರಲಿ. ನೀರಿಲ್ಲದ, ದೀಪವಿಲ್ಲದ ಶೌಚಾಲಯಕ್ಕೆ ಹೆಂಗಸರು ಹೋಗುವುದಿಲ್ಲ, ಹಳ್ಳದ ಕಡೆ ಹೋಗುತ್ತಾರೆ. ಊಟದ ಸಾಲು ಶುರುವಾಗುವ ಜಾಗದಲ್ಲೇ ಕೈತೊಳೆಯುವ ನಲ್ಲಿ ಇರಬೇಕು, ಸೋಪನ್ನು ಬಲೆಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿ.

ಮೈಕಿನಲ್ಲಿ ಸ್ವಾಮೀಜಿಯವರೋ ಹಿರಿಯ ಅರ್ಚಕರೋ ಹೇಳಿದ ಮಾತು ನಡೆದಷ್ಟು ನಮ್ಮ ಕರಪತ್ರ ನಡೆಯುವುದಿಲ್ಲ. ಹೇಳಬೇಕಾದ್ದು ಮೂರೇ: ಕೈ ತೊಳೆದು ತೀರ್ಥ ತಗೊಳ್ಳಿ, ಗುರುತು ಹಾಕಿದ ನಲ್ಲಿಯ ನೀರನ್ನೇ ಕುಡಿಯಿರಿ, ಭೇದಿ ಆದರೆ ಮುಚ್ಚಿಡದೆ ಚಿಕಿತ್ಸೆಯ ಟೆಂಟಿಗೆ ಬನ್ನಿ. ಯಾವ ಊರಿನವರು, ಯಾವ ಕೇರಿಯವರು ರೋಗ ತಂದರು ಅನ್ನುವ ಮಾತು ಮೈಕಿನಲ್ಲೂ ಬರಬಾರದು, ಸಭೆಯಲ್ಲೂ ಬರಬಾರದು. ಬೆರಳು ತೋರಿಸಿದ ಕೂಡಲೇ ರೋಗಿಗಳು ಅಡಗಿಕೊಳ್ಳುತ್ತಾರೆ.

ಟೆಂಟಿನಲ್ಲಿ ಎಷ್ಟು ಸಾಮಾನು ಬೇಕು? ಕಾಲರಾದಿಂದ ತೀರಾ ನಿತ್ರಾಣವಾದ 50 ಕೆಜಿ ತೂಕದ ಒಬ್ಬರಿಗೆ ಮೂರು ಗಂಟೆಯಲ್ಲಿ 5 ಲೀಟರ್ ರಿಂಗರ್ ಲ್ಯಾಕ್ಟೇಟ್ (ರಕ್ತನಾಳಕ್ಕೆ ಕೊಡುವ ಡ್ರಿಪ್ ದ್ರಾವಣ) ಹೋಗಬೇಕು, ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯಲ್ಲೇ. ಅಂದರೆ ಅರ್ಧ ಲೀಟರಿನ ಹತ್ತು ಬಾಟಲಿ ಒಬ್ಬರಿಗೇ. ಇಪ್ಪತ್ತು ಬಾಟಲಿ ಇಟ್ಟುಕೊಂಡು ಸಿದ್ಧತೆ ಮುಗಿಯಿತು ಅಂದುಕೊಂಡರೆ ಇಬ್ಬರು ರೋಗಿಗಳಿಗೆ ಖಾಲಿ. ಉಳಿದ ಹೆಚ್ಚಿನವರಿಗೆ ಓಆರ್‌ಎಸ್ ಸಾಕು. ಒಂದು ಪೊಟ್ಟಣಕ್ಕೆ ಒಂದು ಲೀಟರ್ ನೀರು, ಲೋಟದಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಮಕ್ಕಳಿಗೆ ಅಪಾಯ. 24 ಗಂಟೆ ಕಳೆದರೆ ಚೆಲ್ಲಬೇಕು. ಅಕ್ಕಿ ತೊಳೆದ ನೀರಿನಂಥ ಭೇದಿ ಕಂಡರೆ ಆಂಟಿಬಯೋಟಿಕ್ ಕೊಡುವ ಮುಂಚೆ ಮಲದ ಮಾದರಿ ತೆಗೆದು ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ (ದಾರಿಯಲ್ಲಿ ರೋಗಾಣು ಸಾಯದಂತೆ ಇಡುವ ವಸ್ತು) ಲ್ಯಾಬಿಗೆ ಕಳಿಸಿ. ಫ್ರಿಜ್ಜಿನಲ್ಲಿ ಇಡಬೇಡಿ.

ಮೊದಲ ಸುಳಿವು ಡಾಕ್ಟರಿಗೆ ಸಿಗುವುದಿಲ್ಲ. ಶೌಚಾಲಯ ತೊಳೆಯುವವರಿಗೆ, ಮೆಡಿಕಲ್ ಶಾಪಿನವರಿಗೆ ಸಿಗುತ್ತದೆ. ಇಬ್ಬರ ಫೋನ್ ನಂಬರೂ ಆಶಾ ಕಾರ್ಯಕರ್ತೆಯ ಬಳಿ ಇರಲಿ, ದಿನಕ್ಕೆರಡು ಸಲ ಕೇಳಲಿ.

ತೇರು ಎಳೆದ ಮೇಲೂ ಕೆಲಸ ಉಳಿದಿರುತ್ತದೆ. ಸೋಂಕು ತಗುಲಿದ ಕೆಲವೇ ಗಂಟೆಯಿಂದ ಐದು ದಿನದೊಳಗೆ ಕಾಲರಾ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಭಕ್ತರು ಊರು ಸೇರಿರುತ್ತಾರೆ. 1867ರ ಹರಿದ್ವಾರ ಕುಂಭಮೇಳದಿಂದ ಮರಳಿದ ಯಾತ್ರಿಕರ ಜೊತೆ ಕಾಲರಾ ಉತ್ತರ ಭಾರತದ ಉದ್ದಕ್ಕೂ ಹಬ್ಬಿದ್ದು ಹೀಗೆಯೇ. ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಯಾವ ಯಾವ ಊರಿನವರು ಬಂದಿದ್ದರು ಎಂಬ ಪಟ್ಟಿ ವಸತಿ, ದಾಸೋಹ ನೋಡಿಕೊಳ್ಳುವವರ ಬಳಿ ಇರುತ್ತದೆ. ಅದರ ಪ್ರತಿ ತೆಗೆದು ಆಯಾ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ಕಳಿಸಿ, ಮುಂದಿನ ಐದು ದಿನ ಅಲ್ಲಿಗೆ ಫೋನ್ ಮಾಡಿ ವಿಚಾರಿಸಿ.