ಅವನ್ಯಾರೋ ಸೋತರೆ ನಿನಗೇನು?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪ್ರಶ್ನೆ ಇಷ್ಟು: "ಅವನ್ಯಾರೋ, ಎಲ್ಲೋ ಆಡಿ ಸೋತರೆ ನೀನ್ಯಾಕೆ ಅಳಬೇಕು?" ಅವನ್ಯಾರೋ ಅಂದರೆ ಟೆನಿಸ್ ಆಟಗಾರ ರೋಜರ್ ಫೆಡರರ್. ಎಲ್ಲೋ ಅಂದರೆ ಲಂಡನ್ನಿನ ವಿಂಬಲ್ಡನ್ ಫೈನಲ್. ದಿನ 2019ರ ಜುಲೈ 14, ಭಾನುವಾರ. ನಾನು ಅತ್ತಿದ್ದು ತುಮಕೂರಿನ ಎಸ್.ಎಸ್. ಪುರಂನಲ್ಲಿ, ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು. ಅತ್ತಿದ್ದು ನಿಜ. ಮುಚ್ಚಿಡಲ್ಲ.

ಕೇಳುವವರು ನಾನಾ ಥರ. ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವರು "ಸೋತರೂ ಅವನಿಗೆ ಕೋಟಿ ಕೋಟಿ ಬರುತ್ತೆ ಮೇಡಂ, ನಿಮಗೇನು ಬರುತ್ತೆ?" ಅನ್ನುತ್ತಾರೆ. ನಾದಿನಿ "ಅವನಿಗೆ ನೀವು ಗೊತ್ತಾ ಅತ್ತಿಗೆ?" ಅನ್ನುತ್ತಾಳೆ. ಚಿಕ್ಕಮ್ಮ ಅಂತೂ ಸುದ್ದಿ ಕೇಳಿ ಗುಬ್ಬಿಯಿಂದ ಫೋನ್ ಮಾಡಿದರು. ಸಣ್ಣ ದನಿಯಲ್ಲಿ "ಮನೇಲಿ ಏನಾದ್ರೂ ಗಲಾಟೆನಾ? ಟೆನಿಸ್ ಅಂತ ಸುಳ್ಳು ಹೇಳ್ತಿದ್ದೀಯಾ?" ಅಂತ ವಿಚಾರಿಸಿದರು. ಗಂಡ ಹೊಡೆದ ಅಂದಿದ್ದರೆ ನಂಬುತ್ತಿದ್ದರೇನೋ. ಫೆಡರರ್ ಸೋತ ಅಂದರೆ ನಂಬಲಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಆ "ಅವನ್ಯಾರೋ" ಮಾತಿಗೆ. 2008ರ ವಿಂಬಲ್ಡನ್ ಫೈನಲ್ ನಾನು ಗುಬ್ಬಿಯ ಅಮ್ಮನ ಮನೆಯಲ್ಲಿ ನೋಡಿದೆ. ಲಂಡನ್ನಿನಲ್ಲಿ ಮಳೆ ಬಂದು ಆಟ ನಿಲ್ಲುತ್ತಿತ್ತು, ಇಲ್ಲಿ ಕರೆಂಟ್ ಹೋಗುತ್ತಿತ್ತು. ಐದನೇ ಸೆಟ್ಟಿನ ನಡುವೆ ಹೋದ ಕರೆಂಟ್ ಬರಲೇ ಇಲ್ಲ. ಫೆಡರರ್ ಎದುರು ನಡಾಲ್ 9-7ರಲ್ಲಿ ಗೆದ್ದಾಗ ನಮ್ಮ ಕಡೆ ರಾತ್ರಿ ಒಂದೂಮುಕ್ಕಾಲು. ಕತ್ತಲಲ್ಲಿ ಕೂತಿದ್ದ ನನಗೆ ಅದು ಗೊತ್ತಾಗಿದ್ದು ಬೆಳಗ್ಗೆ ರೇಡಿಯೋದಲ್ಲಿ. ಅಲ್ಲಿಂದ 2019ಕ್ಕೆ ಹನ್ನೊಂದು ವರ್ಷ. ಆ ಮನುಷ್ಯ ಸರ್ವ್ ಮಾಡುವ ಮುಂಚೆ ಹೇಗೆ ನಿಲ್ಲುತ್ತಾನೆ, ಸುಸ್ತಾದಾಗ ಅವನ ಬ್ಯಾಕ್‌ಹ್ಯಾಂಡ್ ಹೇಗೆ ತಡವಾಗುತ್ತೆ, ಎಲ್ಲ ನನಗೆ ಗೊತ್ತು. ನಮ್ಮ ಬೀದಿಯ ಅರ್ಧ ಜನರನ್ನು ನಾನು ಅಷ್ಟು ಗಮನಿಸಿಲ್ಲ. ಹಾಗಿರುವಾಗ ಅವನು ನನಗೆ ಯಾರೋ ಹೇಗಾಗುತ್ತಾನೆ?

ಇನ್ನೊಂದು ವಿಷಯ. ಆ ಭಾನುವಾರಕ್ಕೆ ನಾಲ್ಕು ದಿನ ಮುಂಚೆ, ಬುಧವಾರ, ನ್ಯೂಜಿಲೆಂಡ್ ಎದುರು ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್ ಇತ್ತು. 240 ಹೊಡೆಯಬೇಕಿತ್ತು, 221ಕ್ಕೆ ನಾವು ಆಲೌಟ್. ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನ್‌ಔಟ್ ಆದಾಗ ನಮ್ಮ ಮಾವ ಟಿವಿ ಆಫ್ ಮಾಡಿ ಎದ್ದರು. ರಾತ್ರಿ ಮುದ್ದೆ ಮುಂದೆ ಕೂತು ಹಾಗೇ ಎದ್ದು ಹೋದರು. "ಧೋನಿ ನಿಮಗೇನಾಗಬೇಕು?" ಅಂತ ಯಾರಾದರೂ ಕೇಳಿದರಾ? ಇಲ್ಲ. ಅತ್ತೆ ಒಂದು ಲೋಟ ಹಾಲು ಕಾಯಿಸಿ ಪಕ್ಕದಲ್ಲಿ ಇಟ್ಟು ಬಂದರು. ಅದು ಸರಿಯಾದ ರೀತಿ. ನನಗೂ ಹಾಗೇ ಯಾರಾದರೂ ಹಾಲು ಕಾಯಿಸಿ ಕೊಡಬೇಕಿತ್ತು ಅನ್ನುವುದಷ್ಟೇ ನನ್ನ ವಾದ.

"ಅದು ನಮ್ಮ ದೇಶದ ವಿಷಯ, ಬೇರೆ" ಅನ್ನುವವರು ಭಾನುವಾರದ ಕಥೆಯನ್ನೂ ಕೇಳಬೇಕು.

ಅವತ್ತು ಕ್ರಿಕೆಟ್ ಫೈನಲ್ಲೂ ಲಂಡನ್ನಿನಲ್ಲೇ, ಲಾರ್ಡ್ಸ್‌ನಲ್ಲಿ. ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್. ಮನೆಯಲ್ಲಿ ಇರುವುದು ಒಂದೇ ಟಿವಿ, ಅದು ಮಾವನದು. ನಾನು ಮೊಬೈಲನ್ನು ಬೇಳೆ ಡಬ್ಬಕ್ಕೆ ಒರಗಿಸಿಕೊಂಡು ಸಂಜೆ ಆರೂವರೆಯಿಂದ ನೋಡುತ್ತಿದ್ದೆ. ಸಾರು ಮಾಡಿದ್ದು, ಬಡಿಸಿದ್ದು, ಪಾತ್ರೆ ತೊಳೆದದ್ದು ಎಲ್ಲ ಆ ಆಟದ ಜೊತೆಗೇ. ರಾತ್ರಿ ಹನ್ನೊಂದರ ಹೊತ್ತಿಗೆ ಐದನೇ ಸೆಟ್‌ನಲ್ಲಿ ಫೆಡರರ್ 8-7 ಮುಂದೆ. ಅವನದೇ ಸರ್ವ್. ಎರಡು ಏಸ್, ಅಂದರೆ ಎದುರಾಳಿಗೆ ಮುಟ್ಟಲೂ ಆಗದ ಸರ್ವ್, ಹೊಡೆದು 40-15 ಮಾಡಿಕೊಂಡ. ಅವನಿಗೆ ಇನ್ನೊಂದು ತಿಂಗಳಿಗೆ 38 ತುಂಬುತ್ತಿತ್ತು. ಎರಡರಲ್ಲಿ ಒಂದು ಪಾಯಿಂಟ್ ಬಂದಿದ್ದರೆ ಕಪ್ ಅವನದು. ಎರಡೂ ಬರಲಿಲ್ಲ. ಕೊನೆಗೆ 12-12ರಲ್ಲಿ ಸಮ ಆಗಿ, ಸೆಟ್ ತೀರ್ಮಾನಿಸುವ ಟೈಬ್ರೇಕ್‌ನಲ್ಲಿ ಎದುರಾಳಿ ಜೊಕೊವಿಚ್ ಗೆದ್ದ. 4 ಗಂಟೆ 57 ನಿಮಿಷದ ಆಟ.

ನೀರಿಗೆ ಬಂದ ಮಾವ ನನ್ನ ಮುಖ ನೋಡಿದರು. "ಅವನ್ಯಾರೋ ಸೋತರೆ ನಿನಗೇನಮ್ಮ? ಹೋಗಿ ಮಲಕ್ಕೋ" ಅಂದರು.

ಆಮೇಲೆ ಏನಾಯಿತು ನೋಡಿ. ಲಾರ್ಡ್ಸ್‌ನಲ್ಲಿ ಇಬ್ಬರದೂ 241. ಸೂಪರ್ ಓವರ್‌ನಲ್ಲೂ ಇಬ್ಬರದೂ 15. ಬೌಂಡರಿ ಎಣಿಸಿದರು. ಇಂಗ್ಲೆಂಡಿನದು 26, ನ್ಯೂಜಿಲೆಂಡಿನದು 17. ಕಪ್ ಇಂಗ್ಲೆಂಡಿಗೆ. ಮಧ್ಯರಾತ್ರಿ ನಾನು ಹಾಲ್‌ಗೆ ಬಂದಾಗ ಮಾವ ಕತ್ತಲಲ್ಲಿ ಕೂತಿದ್ದರು. "ಇದ್ಯಾವ ನ್ಯಾಯ ಅಮ್ಮ? ಬೌಂಡ್ರಿ ಎಣಿಸಿ ಗೆಲ್ಲೋದಾ? ಪಾಪ, ಆ ವಿಲಿಯಮ್ಸನ್ ಮುಖ ನೋಡಕ್ಕಾಗಲ್ಲ" ಅಂದರು. ಬುಧವಾರ ಅವರ ಊಟ ಬಿಡಿಸಿದ್ದು ಅದೇ ನ್ಯೂಜಿಲೆಂಡ್, ಅದರ ಕ್ಯಾಪ್ಟನ್ ಅದೇ ವಿಲಿಯಮ್ಸನ್. ನಾನು ತಿರುಗಿಸಿ ಕೇಳಲಿಲ್ಲ. ಹಾಲು ಕಾಯಿಸಿ ಎರಡು ಲೋಟ ತಂದೆ. ಇಬ್ಬರೂ ಮಾತಿಲ್ಲದೆ ಕುಡಿದೆವು.

ಯಾಕೆ ಅಳ್ತೀಯಾ ಅನ್ನುವುದಕ್ಕೆ ನನ್ನ ಉತ್ತರ ಇಷ್ಟೇ. ಇಷ್ಟಪಟ್ಟು ನೋಡಿದರೆ ನೋವಾಗುತ್ತೆ. ನಿಮಗೂ ಆಗಿದೆ, ನಿಮ್ಮ ಆಟ ಬೇರೆ ಇರಬಹುದು.

ಒಬ್ಬರನ್ನು ಬಿಟ್ಟು ನನ್ನನ್ನು ಯಾರೂ ಕೇಳದೇ ಇರುವ ಪ್ರಶ್ನೆ ಒಂದಿದೆ. "40-15ರಲ್ಲಿ ಏನಾಯಿತು?" ಅದನ್ನು ಕೇಳಿ, ಗಂಟೆಗಟ್ಟಲೆ ಹೇಳುತ್ತೇನೆ. ಸೋಲು ನೋಡಿ ಬಂದವರಿಗೆ ಬೇಕಾಗಿರುವುದೇ ಅದು. 2025ರ ಜೂನ್‌ನಲ್ಲಿ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಟೆನಿಸ್ ಫೈನಲ್‌ನಲ್ಲಿ ಸಿನ್ನರ್ ಕೈಯಲ್ಲಿ ಮೂರು ಚಾಂಪಿಯನ್‌ಶಿಪ್ ಪಾಯಿಂಟ್, ಅಂದರೆ ಗೆದ್ದರೆ ಕಪ್ ಸಿಗುವ ಪಾಯಿಂಟ್, ಇದ್ದವು. ಮೂರೂ ಹೋದವು, ಅಲ್ಕರಾಸ್ ಗೆದ್ದ. ಮಾರನೇ ದಿನ ನಮ್ಮ ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ ಬಾಡಿದ ಮುಖ ಹೊತ್ತು ಬಂದ. ಎಲ್ಲರೂ ಅವನಿಗೆ ಅದೇ "ಅವನ್ಯಾರೋ" ಪ್ರಶ್ನೆ ಹಾಕಿದರು. ನಾನು ಹತ್ತಿರ ಹೋಗಿ "ಮೂರರಲ್ಲಿ ಯಾವುದು ಜಾಸ್ತಿ ಕಾಡ್ತಿದೆ?" ಅಂದೆ. ಊಟದ ಹೊತ್ತೆಲ್ಲ ಮಾತಾಡಿದ. ಕೊನೆಗೆ ಡಬ್ಬಿ ತೆಗೆದು ತಿಂದ.

ಸರಿ, 40-15. ಮೊದಲು ಲೆಕ್ಕ ಹೇಳುತ್ತೇನೆ. ಆ ದಿನ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಗೇಮ್‌ಗಳೂ ಫೆಡರರ್‌ದೇ ಜಾಸ್ತಿ, 36ಕ್ಕೆ 32. ಏಸ್ 25ಕ್ಕೆ 10. ಹಾಗಾದರೆ ಸೋತಿದ್ದು ಹೇಗೆ? ಕ್ರಿಕೆಟ್‌ನಲ್ಲಿ ಹೊಡೆದ ರನ್ ಎಲ್ಲೂ ಹೋಗಲ್ಲ. ಟೆನಿಸ್‌ನಲ್ಲಿ ಐದರಲ್ಲಿ ಮೂರು ಸೆಟ್ ಗೆಲ್ಲಬೇಕು, ಪ್ರತಿ ಸೆಟ್ಟಿಗೂ ಹೊಸ ಖಾತೆ ತೆರೆದ ಹಾಗೆ, ಹಿಂದಿನ ಖಾತೆಯ ಬಾಕಿ ಇಲ್ಲಿಗೆ ಬರಲ್ಲ. ಎರಡನೇ ಸೆಟ್ ಫೆಡರರ್ 6-1ರಲ್ಲಿ ಗೆದ್ದ. ಅಲ್ಲಿ ಕೂಡಿಟ್ಟಿದ್ದೆಲ್ಲ ಮೂರನೇ ಸೆಟ್‌ನಲ್ಲಿ ಸೊನ್ನೆ. ಅವತ್ತು ಮೂರು ಟೈಬ್ರೇಕ್ ನಡೆದವು. ಮೂರೂ ಜೊಕೊವಿಚ್ ಪಾಲಾದವು. ಯಾವ ಪಾಯಿಂಟ್ ಯಾವಾಗ ಬೇಕೋ ಆಗ ಗೆಲ್ಲಬೇಕು, ಅದನ್ನು ಅವನು ಗೆದ್ದ. ಅವನನ್ನು ನಾನು ಯಾವತ್ತೂ ಬೈದಿಲ್ಲ. ಜನ "ರೋಜರ್, ರೋಜರ್" ಅಂತ ಕೂಗುವಾಗ ತನ್ನ ಕಿವಿಗೆ "ನೊವಾಕ್" ಅಂತ ಕೇಳಿಸಿಕೊಂಡೆ ಅಂತ ಆಮೇಲೆ ಹೇಳಿದ. ಅಷ್ಟು ಗಟ್ಟಿ ಮನಸ್ಸಿಗೆ ಬೈಯಲು ಬಾಯಿ ಬರಲ್ಲ. ಎದುರಾಳಿಯ ಚಾಂಪಿಯನ್‌ಶಿಪ್ ಪಾಯಿಂಟ್ ತಪ್ಪಿಸಿ ವಿಂಬಲ್ಡನ್ ಪುರುಷರ ಫೈನಲ್ ಗೆದ್ದವರು 1948ರ ನಂತರ ಯಾರೂ ಇರಲಿಲ್ಲ.

ಮೊದಲನೇ ಪಾಯಿಂಟ್: ಫೆಡರರ್‌ನ ಫೋರ್‌ಹ್ಯಾಂಡ್ ಗೆರೆಯಿಂದ ಆಚೆ ಬಿತ್ತು. ಇದು ಕೈ ಮಾಡಿದ ತಪ್ಪು. ನಾನು ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆ. ಹಳದಿ ಉಣ್ಣೆ ಚೆಂಡು, ಒಂದೊಂದು ಕಡೆ ಐದು ಜನ. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಕೊನೆಯ ಪಾಯಿಂಟಿಗೆ ಸುಲಭದ ಚೆಂಡು ಬಂತು. ಸಾವಿರ ಸಲ ಹೊಡೆದಿದ್ದ ಹೊಡೆತ. ಮಣಿಕಟ್ಟು ಬಿಗಿಯಾಯಿತು, ಚೆಂಡು ಹೊರಗೆ ಹೋಯಿತು. ಮಿಕ್ಕ ನಾಲ್ಕು ಜನ ಹುಡುಗಿಯರು ನನ್ನ ಕಡೆ ನೋಡದೆ ನೆಲ ನೋಡಿದರು. ಫೆಡರರ್ ಜೊತೆ ನಾಲ್ಕು ಜನರೂ ಇರಲಿಲ್ಲ. ಅವನೊಬ್ಬನೇ ನಿಂತಿದ್ದ. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಆಗ.

ಎರಡನೇ ಪಾಯಿಂಟ್: ಫೆಡರರ್ ಹೊಡೆದು ನೆಟ್ ಕಡೆ ಓಡಿದ. ಜೊಕೊವಿಚ್ ಅಡ್ಡಡ್ಡ ಒಂದು ಫೋರ್‌ಹ್ಯಾಂಡ್ ಹೊಡೆದ. ಚೆಂಡು ಫೆಡರರ್‌ನನ್ನು ದಾಟಿ ಹೋಯಿತು. ಇದು ಕೈ ತಪ್ಪಿದ್ದಲ್ಲ, ತೀರ್ಮಾನ. ಅದು ಸರಿಯಾದ ತೀರ್ಮಾನವಾ ಅನ್ನುವುದೇ ಪ್ರಶ್ನೆ.

ಸೋಮವಾರ ಬೆಳಗ್ಗೆ ಕಾಫಿ ಕೊಡುವಾಗ ಮಾವ ಪೇಪರ್ ಮಡಿಸಿ "ಆ ಎರಡು ಪಾಯಿಂಟ್ ಇತ್ತಂತಲ್ಲ ಅಮ್ಮ, ಏನು ಮಾಡಿಕೊಂಡ ಅವನು?" ಅಂದರು. ಆ ಮನೆಯಲ್ಲಿ ಮೊದಲ ಸಲ ಯಾರೋ ಅದನ್ನು ಕೇಳಿದ್ದು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಟೆನಿಸ್ ಕೋರ್ಟ್ ಬರೆದೆ, ನೆಟ್ ಎಳೆದೆ, ಚೆಂಡು ಹೋದ ದಾರಿಗೆ ಬಾಣದ ಗುರುತು ಹಾಕಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಹಿಂದೇನೇ ನಿಂತು ಆಡಬೇಕಿತ್ತು. ಮುಂದೆ ಯಾಕೆ ಹೋದ? ಅವಸರ" ಅಂದರು.

"ಇಲ್ಲ ಮಾವ. ಅವನ ಆಟವೇ ಅದು. ಹಿಂದೆ ನಿಂತು ಉದ್ದಕ್ಕೂ ಆಡಿದರೆ ಜೊಕೊವಿಚ್ ಬಿಡಲ್ಲ. ಹೋಗಿದ್ದು ಸರಿ, ಚೆಂಡು ಇನ್ನೂ ಸ್ವಲ್ಪ ಮೂಲೆಗೆ ಬೀಳಬೇಕಿತ್ತು."

"ಒಂದೇ ಪಾಯಿಂಟ್ ಬೇಕಿರುವಾಗ ಕಾಯಬೇಕಮ್ಮ."

"ಕಾದು ಸೋತಿದ್ದರೆ ಅದನ್ನೂ ತಪ್ಪು ಅಂತಿದ್ರಿ."

ಅತ್ತೆ ಒಳಗಿಂದ ಬಂದು ಕಾಫಿ ಆರಿಹೋಯ್ತು ಅಂದರು. ನನಗೆ ಬ್ಯಾಂಕಿಗೆ ಹೊತ್ತಾಗಿತ್ತು. ಫೆಡರರ್ 2022ರಲ್ಲಿ ಆಟ ಬಿಟ್ಟ. ಆ ಹಾಳೆ ಇನ್ನೂ ಅದೇ ಪುಸ್ತಕದಲ್ಲಿದೆ. ಮಾವ ಅದರ ಮೇಲೆ ಕೆಂಪು ಪೆನ್ನಿನಲ್ಲಿ, ಫೆಡರರ್ ಎಲ್ಲಿ ನಿಲ್ಲಬೇಕಿತ್ತು ಅಂತ ಒಂದು ಸೊನ್ನೆ ಹಾಕಿದ್ದಾರೆ. ನಾನು ಇವತ್ತಿಗೂ ಒಪ್ಪಿಲ್ಲ.